ನಾಯಕಿಯ ಟ್ರಂಕಿನಲ್ಲಿದ್ದ ರಿವಾಲ್ವರ್

ದೇವದುರ್ಗದ ಹತ್ತಿರದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ನಾನು ಮಾಸ್ತರನಾಗಿ ಸೇರಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನಮ್ಮ ಮನೆತನದಲ್ಲಿ ಸರ್ಕಾರಿ ಕೆಲಸ ಹಿಡಿದ ಮೊದಲಿಗ ನಾನೇ. ಅಪ್ಪ, ಅವ್ವ ಇಬ್ಬರೂ ಕಲ್ಲೂರಿನ ಹೊಲಗಳಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದವರು. ಶಾಲೆ ಬಿಟ್ಟ ಮೇಲೆ ಸಂಜೆ ಹೊತ್ತು ಹೋಗದೆ ದೇವದುರ್ಗದ ಒಂದು ನಾಟಕ ಮಂಡಳಿ ಸೇರಿಕೊಂಡೆ. ಅಲ್ಲಿದ್ದವರೆಲ್ಲ ನನ್ನಂಥವರೇ: ಇಬ್ಬರು ಮಾಸ್ತರರು, ಒಬ್ಬ ರೈಸ್ ಮಿಲ್ಲಿನ ಗುಮಾಸ್ತ, ಬಟ್ಟೆ ಅಂಗಡಿಯವರು, ಒಬ್ಬ ದರ್ಜಿ. ಹತ್ತಿ, ಜೋಳದ ಸುಗ್ಗಿ ಮುಗಿದ ಮೇಲೆ ಹಳ್ಳಿ ಹಳ್ಳಿಗೆ ಹೋಗಿ ಸಾಮಾಜಿಕ ನಾಟಕ ಆಡುತ್ತಿದ್ದೆವು. ನಾನು ಎತ್ತರದ ಆಳು, ದನಿಯೂ ದಪ್ಪ. ಹಾಗಾಗಿ ಯಾವ ನಾಟಕವಾದರೂ ನನಗೆ ಕೆಟ್ಟವನ ಪಾರ್ಟೇ ಗಟ್ಟಿ.

ಊರಿನ ಹೆಣ್ಣುಮಕ್ಕಳು ಯಾರೂ ಬಣ್ಣ ಹಚ್ಚುತ್ತಿರಲಿಲ್ಲ. ನಾಯಕಿಯನ್ನು ರಾಯಚೂರಿನಿಂದ ಕರೆಸಬೇಕಿತ್ತು. ಹಾಗೆ ಬಂದವಳು ಆಕೆ. ಕೆಂಪು ಬಸ್ಸಿನ ಮೇಲಿಂದ ಒಂದು ತಗಡಿನ ಟ್ರಂಕು ಇಳಿಸಿಕೊಂಡು, ತಾಲೀಮಿನ ಕೋಣೆಗೆ ಬಂದು, ನೀರು ಕುಡಿದು, "ಎಲ್ಲಿಂದ ಶುರು ಮಾಡೋಣ್ರಿ?" ಎಂದು ಕೇಳಿದಳು. ವಯಸ್ಸಿನಲ್ಲಿ ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು. ಆಕೆಯ ತಾಯಿಯೂ ಕಂಪನಿ ನಾಟಕಗಳಲ್ಲಿ ಹಾಡಿ ಕುಣಿದವಳಂತೆ, ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

ಆ ನಾಟಕದ ಮೂರನೆಯ ಅಂಕದಲ್ಲಿ ನಾನು ನಾಯಕಿಯ ಎದೆಗೆ ಪಿಸ್ತೂಲು ಹಿಡಿಯಬೇಕಿತ್ತು. ನಮ್ಮ ಬಡಿಗ ಮಾಡಿಕೊಟ್ಟ ಕಟ್ಟಿಗೆಯ ಪಿಸ್ತೂಲು ಎತ್ತಿ ಹಿಡಿದೆ. ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕುಬಿಟ್ಟಳು.

"ಇದನ್ನ ನೋಡಿ ನಾ ಹೆದರಬೇಕೇನ್ರಿ ಮಾಸ್ತರ? ಲಟ್ಟಣಿಗಿ ಹಿಡದಂಗ ಅದ."

ಟ್ರಂಕು ತೆರೆದು, ಸೀರೆಗಳ ಕೆಳಗಿಂದ ಒಂದು ಕೆಂಪು ಬಟ್ಟೆಯ ಗಂಟು ತೆಗೆದು ನನ್ನ ಕೈಗಿಟ್ಟಳು. ಬಿಚ್ಚಿದರೆ ಒಂದು ಗಿಡ್ಡ ರಿವಾಲ್ವರ್. ನಳಿಗೆ ನನ್ನ ಹೆಬ್ಬೆರಳಿಗಿಂತ ತುಸು ಉದ್ದ, ಅಷ್ಟೇ. ಇಡೀ ವಸ್ತು ಅಂಗೈಯಲ್ಲಿ ಹಿಡಿಸುವಂಥದ್ದು, ಆದರೆ ಕೈ ಕೆಳಗೆ ಜಗ್ಗುವಷ್ಟು ಭಾರ. "ನಮ್ಮವ್ವಂದು. ಹೆದರಬ್ಯಾಡ್ರಿ, ಅದರ ಜೀವ ಹೋಗಿ ಎಷ್ಟೋ ವರ್ಷ ಆತು. ಈಗ ಬರೇ ನಾಟಕದ ಸಾಮಾನು," ಅಂದಳು.

ಮುಂದೆ ಮೂರು ಸುಗ್ಗಿ ನಾನು ಆ ರಿವಾಲ್ವರನ್ನು ಆಕೆಯ ಎದೆಗೆ ಹಿಡಿದೆ. ಆ ದೃಶ್ಯದಲ್ಲಿ ಆಕೆ ಹಿಂದೆ ಸರಿಯುತ್ತಿರಲಿಲ್ಲ. ಒಂದೊಂದೇ ಹೆಜ್ಜೆ ನನ್ನ ಕಡೆಗೆ ಬರುತ್ತಿದ್ದಳು. ನಾನು ಟ್ರಿಗರ್ ಒತ್ತಬೇಕು, ಪರದೆಯ ಹಿಂದೆ ರೈಸ್ ಮಿಲ್ಲಿನ ಗುಮಾಸ್ತ ಪಟಾಕಿ ಹೊಡೆಯಬೇಕು, ಆಕೆ ಬೀಳಬೇಕು. ಪಟಾಕಿ ಥಂಡಿ ಹಿಡಿದ ದಿನ ನಾವಿಬ್ಬರೂ ಹಾಗೇ ಎದುರುಬದುರು ನಿಂತುಬಿಡುತ್ತಿದ್ದೆವು. ಆಕೆ ತುಟಿ ಅಲುಗಿಸದೆ, "ಮತ್ತೊಮ್ಮೆ ಒತ್ರಿ ಮಾಸ್ತರ," ಎನ್ನುತ್ತಿದ್ದಳು. ಗುಮಾಸ್ತನ ಪಟಾಕಿ ಇನ್ನಷ್ಟು ತಡವಾಗಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಆಕೆಯ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಲು ನನಗೆ ಬೇರೆ ದಾರಿ ಇರಲಿಲ್ಲ. ಸುಗ್ಗಿ ಮುಗಿದು ಆಕೆ ರಾಯಚೂರಿಗೆ ಹೋದಳೆಂದರೆ, ಮುಂದಿನ ಸುಗ್ಗಿಯ ನಾಟಕ ಗೊತ್ತಾಗುವವರೆಗೆ ನಾನು ಶಾಲೆಯ ಕಿಟಕಿಯಿಂದ ಕರಿ ಹೊಲ ನೋಡುತ್ತ ದಿನ ನೂಕುತ್ತಿದ್ದೆ.

ನಾಲ್ಕನೆಯ ಸುಗ್ಗಿಯಲ್ಲಿ, ಹೊಳೆಯ ದಂಡೆಯಲ್ಲಿ ಅಲ್ಲಮಪ್ರಭುವಿನ ಗುಡಿ ಇರುವ ಗೂಗಲ್ ಎಂಬ ಹಳ್ಳಿಯಲ್ಲಿ ನಾಟಕ ಇತ್ತು. ತುರ್ತುಪರಿಸ್ಥಿತಿ ಮುಗಿದ ಹೊಸದು. ನಾಟಕ ಮುಗಿದಾಗ ಬೆಳಕು ಹರಿದಿತ್ತು. ಹೊಳೆಯಲ್ಲಿ ಬಣ್ಣ ತೊಳೆದುಕೊಂಡು ಬಂದು, ನಾವು ಇಳಿದುಕೊಂಡಿದ್ದ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆವು. ಆಗ ಒಬ್ಬ ಮುದುಕರು ಬಂದರು. ನಿಜಾಮರ ಕಾಲದಲ್ಲಿ ಪೊಲೀಸು ಸೇರಿ, ಆಮೇಲೆ ಮೈಸೂರು ಸರ್ಕಾರದಲ್ಲಿ ಜಮಾದಾರರಾಗಿ ನಿವೃತ್ತರಾದವರು. ದೇವದುರ್ಗದವರಾದ್ದರಿಂದ ನನಗೆ ಮುಖಪರಿಚಯವಿತ್ತು.

"ಮಾಸ್ತರ, ನೀವು ನಿನ್ನಿ ಹಿಡದಿದ್ದು ಒಂದಿಷ್ಟು ತೋರಸ್ರಿ," ಅಂದರು.

ಕೊಟ್ಟೆ. ಅವರು ಮೊದಲು ನಳಿಗೆಯನ್ನು ಹೊಳೆಯ ಕಡೆ ತಿರುಗಿಸಿದರು. ಬದಿಯಲ್ಲಿದ್ದ ಒಂದು ಸಣ್ಣ ಬಾಗಿಲನ್ನು ಉಗುರಿನಿಂದ ಸರಿಸಿ, ಗುಂಡಿನ ಗಾಲಿಯನ್ನು ಒಂದೊಂದೇ ಮನೆ ತಿರುಗಿಸಿ ನೋಡಿದರು. ಖಾಲಿ ಎಂದು ಖಾತ್ರಿಯಾದ ಮೇಲೆ ಉಸಿರು ಬಿಟ್ಟರು.

"ಇದು ಆಟಿಗಿ ಸಾಮಾನಲ್ಲ. ಅಸಲಿ ಅದ. ಯಾರದ್ದಿದು?"

"ನಂದೇ ರೀ," ಅಂದಳು ಆಕೆ. "ಆದ್ರ ಅದು ಸತ್ತು ಹೋಗ್ಯದ."

"ಯಾರು ಹೇಳಿದ್ರವ್ವಾ ನಿನಗ, ಸತ್ತಾದಂತ? ಇಂಥವು ತಾವಾಗೇ ಸಾಯಂಗಿಲ್ಲ. ಲೈಸೆನ್ಸ್ ಅದೇನು?"

ಆಕೆ ಇಲ್ಲವೆಂದು ತಲೆಯಾಡಿಸಿದಳು. ನಾನು ಚಹಾದ ಬಟ್ಟಲನ್ನು ಕಟ್ಟೆಯ ಮೇಲೆ ಇಟ್ಟೆ. ಮೂರು ವರ್ಷ, ಊರೂರಿನಲ್ಲಿ, ಅದನ್ನು ಆಕೆಯ ಎದೆಗೆ ಹಿಡಿದು ಟ್ರಿಗರ್ ಒತ್ತಿದ್ದು ನಾನೇ. ಜಮಾದಾರರು ಒಳ್ಳೆಯವರು. ಕೂಗಾಡಲಿಲ್ಲ. ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಬಂದೂಕಿನ ಅಂಗಡಿ ಇಟ್ಟ ಹಿರಿಯರೊಬ್ಬರಿದ್ದಾರೆ, ತನ್ನ ಗೆಳೆಯರು, ಮೊದಲು ಅವರಿಗೆ ತೋರಿಸಿ ಇದು ಏನು, ಎಂಥದು, ಏನು ಬೆಲೆ ಎಂದು ತಿಳಿದುಕೊಂಡು ಬನ್ನಿ, ಆಮೇಲೆ ತಾನೇ ಜೊತೆಗೆ ಬಂದು ಠಾಣೆಯಲ್ಲಿ ಒಪ್ಪಿಸುತ್ತೇನೆ ಎಂದರು. ಆಕೆ ಬೆಲೆಯ ಮಾತು ಬಂದಾಗ ಮಾತ್ರ ತಲೆ ಎತ್ತಿದಳು. "ನಮ್ಮವ್ವ ಸಾಯೋ ಮುಂದ ಹೇಳಿದ್ಲು. ಕಷ್ಟ ಬಂದಾಗ ಇದನ್ನ ಮಾರು, ಒಂದು ಮನಿ ಆಗ್ತದ ಅಂತ," ಅಂದಳು.

ಆ ವಾರದ ರಜೆಯ ದಿನ ನಾವಿಬ್ಬರೂ ದೇವದುರ್ಗದಲ್ಲಿ ಬಸ್ಸು ಹತ್ತಿದೆವು. ರಿವಾಲ್ವರ್ ಆಕೆಯ ಕೈಚೀಲದಲ್ಲಿ, ರೊಟ್ಟಿಯ ಗಂಟಿನ ಕೆಳಗಿತ್ತು. ಗಬ್ಬೂರಿನಲ್ಲಿ ಒಬ್ಬ ಪೊಲೀಸ್ ಪೇದೆ ಹತ್ತಿ ನಮ್ಮ ಎದುರಿನ ಸೀಟಿನಲ್ಲಿ ಕುಳಿತ. ಆಕೆ ಅವನಿಗೆ ಕೇಳುವಂತೆ ನನ್ನ ಕಡೆ ತಿರುಗಿ, ಜೋಳ ಈ ವರ್ಷ ಹೇಗೆ ಬಂದಿದೆ, ನಮ್ಮತ್ತೆಗೆ ಮೊಣಕಾಲು ನೋವು ಎಂದೆಲ್ಲ ಮಾತು ತೆಗೆದಳು. ಗಂಡ ಹೆಂಡತಿ ಮಾತಾಡುವ ಹಾಗೆ. ಪೇದೆ ಕಲಮಲಾದಲ್ಲಿ ಇಳಿದ ಮೇಲೂ ಅದು ನಿಲ್ಲದಿರಲಿ ಎಂದು ನನಗೆ ಆಸೆ. ಆಕೆ ಕಿಟಕಿಯ ಕಡೆ ತಿರುಗಿ ಕಣ್ಣು ಮುಚ್ಚಿದಳು.

ಅಂಗಡಿ ಚಿಕ್ಕದು. ಗೋಡೆಗೆ ಸರಪಳಿ ಹಾಕಿದ ನಾಲ್ಕಾರು ಬಂದೂಕು, ಒಂದು ಗಾಜಿನ ಪೆಟ್ಟಿಗೆ, ಎಣ್ಣೆಯ ವಾಸನೆ. ಬಿಳಿ ಗಡ್ಡದ ಹಿರಿಯರು, ತಲೆಯ ಮೇಲೆ ಬಿಳಿ ಟೋಪಿ. ಜಮಾದಾರರ ಹೆಸರು ಹೇಳಿದ್ದೇ, "ಬರ್ರಿ ಮಾಸ್ತರ್ ಸಾಬ್, ಬಾ ಬೇಟಿ, ಕುಂದ್ರು," ಎಂದು ಸ್ಟೂಲು ಎಳೆದರು. ಗಂಟು ಬಿಚ್ಚಿ ನೋಡಿ ಹುಬ್ಬೇರಿಸಿದರು.

"ಅರೇ! ಎಷ್ಟೋ ವರ್ಷ ಆಗಿತ್ತು ಇಂಥದು ನೋಡಿ. ಸ್ವಲ್ಪ ಇರ್ರಿ, ಇದರ ಖಾನದಾನ, ಕುಲಗೋತ್ರ ನೋಡೋಣ."

ಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರು. ನಮ್ಮ ಮಂಡಳಿಯ ದರ್ಜಿ ಒಮ್ಮೆ ಇದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಲು ಹೊರಟಿದ್ದ, ಆಕೆ ಬಿಟ್ಟಿರಲಿಲ್ಲ ಎಂದು ನಾನು ಹೇಳಿದಾಗ, "ಛಲೋ ಮಾಡಿದಿ ಬೇಟಿ. ತಿಕ್ಕಿದ್ರ ಅರ್ಧ ಬೆಲಿ ಅಲ್ಲೇ ಹೋಗ್ತದ. ಹಳೀ ಸಾಮಾನಿಗೆ ಮೈಮೇಲಿನ ಬಣ್ಣನೇ ಸಾಕ್ಷಿ," ಅಂದರು. ಭೂತಗನ್ನಡಿ ಹಿಡಿದು ನಳಿಗೆಯ ಮೇಲಿನ ಅಕ್ಷರ ಓದಿ ನನಗೂ ತೋರಿಸಿದರು. ಇಂಗ್ಲಿಷಿನಲ್ಲಿ 'ಬ್ರಿಟಿಷ್ ಬುಲ್‌ಡಾಗ್' ಎಂದು ಕೆತ್ತಿತ್ತು.

"ಮೂತಿ ಗಿಡ್ಡ ಇರೋ ನಾಯಿ ಇರ್ತದಲ್ಲ, ಅದರ ಹೆಸರು. ಕೋಟಿನ ಕಿಸೇದಾಗ ಇಟ್ಕೊಳ್ಳಾಕ ಮಾಡಿದ್ದು. ಬ್ರಿಟಿಷ್ ಅಂತ ಬರದಾದ, ಹೌದಿಲ್ಲೋ? ಈಗ ಇಲ್ಲಿ ನೋಡ್ರಿ."

ಗುಂಡಿನ ಗಾಲಿಯ ಮೇಲೆ ಸಾಸಿವೆಯಷ್ಟು ಸಣ್ಣ ಮುದ್ರೆ. ಮೊಟ್ಟೆಯಾಕಾರದ ಗೆರೆಯೊಳಗೆ ಮೂರು ಅಕ್ಷರ, ಮೇಲೊಂದು ಕಿರೀಟ.

"ಇದು ಬೆಲ್ಜಿಯಂ ದೇಶದ ಮುದ್ರಿ. ಅಲ್ಲಿ ಸರ್ಕಾರದವರು ಪರೀಕ್ಷಾ ಮಾಡಿ ಹಾಕೋದು. ಇಂಗ್ಲೆಂಡಿನ ಒಂದು ದೊಡ್ಡ ಕಂಪನಿ ಮೊದಲು ಇಂಥಾ ರಿವಾಲ್ವರ್ ಮಾಡ್ತು, ಭಾಳ ಮಾರಾಟ ಆತು. ಬೆಲ್ಜಿಯಂದವರು ಅದನ್ನ ನೋಡಿ ತಾವೂ ಮಾಡಿ, ಇಂಗ್ಲಿಷ್ ಹೆಸರು ಕೆತ್ತಿ, ಅಗ್ಗಕ್ಕ ಮಾರಿದ್ರು. ಬೊಂಬಾಯಿಗೆ ಬಂದು ಅಲ್ಲಿಂದ ನಮ್ಮ ಕಡೆ ಜಾಗೀರದಾರರ ಮನಿಗೆ ಬರ್ತಿದ್ವು. ಮಾಡಿದವರ ಹೆಸರು ಇದರ ಮ್ಯಾಲ ಇಲ್ಲ. ನಮ್ಮ ಅಬ್ಬಾ ಹುಟ್ಟೋ ಕಾಲದ್ದಿರಬೇಕು."

"ಅಂದ್ರ ನಕಲಿ ಏನ್ರಿ?" ಆಕೆ ಕೇಳಿದಳು.

"ನಕಲಿ ಅಂದ್ರ ತಪ್ಪಾಗ್ತದ. ಕೆಲಸ ಛಲೋ ಅದ. ಅಸಲಿ ಕಂಪನಿದು ಆಗಿದ್ರ ಬೆಲಿ ಎರಡು ಮೂರು ಪಟ್ಟು. ಇದಕ್ಕ, ಹಿಡಿಕಿ ಎರಡೂ ಕಡೆ ಮೂಲದ್ದಾದ, ತುಕ್ಕು ಕಡಿಮಿ ಅದ, ಲೈಸೆನ್ಸ್ ಒಂದು ಇದ್ದಿದ್ರ, ಒಂದು ಜೋಡಿ ಎತ್ತಿನ ಬೆಲಿ ಕೊಡೋ ಶೋಕಿ ಜನ ಸಿಗ್ತಿದ್ರು."

ಹಾಗೆನ್ನುತ್ತಲೇ ಅವರು ರಿವಾಲ್ವರಿನ ಹಿಂಬದಿಗೆ ಎದ್ದು ಕುಳಿತಿದ್ದ, ಟ್ರಿಗರ್ ಒತ್ತಿದಾಗ ಗುಂಡಿನ ಬೆನ್ನಿಗೆ ಬಡಿಯುವ ತುಂಡನ್ನು ಹಿಂದಕ್ಕೆ ಎಳೆದರು. ಅದಕ್ಕೆ ಅವರು ಘೋಡಾ ಎನ್ನುತ್ತಿದ್ದರು. ಭೂತಗನ್ನಡಿ ಹಿಡಿದು ನೋಡಿದರು. ಮತ್ತೆ ನೋಡಿದರು.

"ಇದರ ಕೊಕ್ಕು ಇಲ್ಲ."

ಗುಂಡಿಗೆ ತಾಗುವ ಆ ಚೂಪಾದ ತುದಿಯನ್ನು ಯಾರೋ ಅರದಿಂದ ಉಜ್ಜಿ ತೆಗೆದುಬಿಟ್ಟಿದ್ದರು. ಈಗ ಎಷ್ಟು ಒತ್ತಿದರೂ ಘೋಡಾ ಬಂದು ಬಡಿಯುತ್ತದೆ, ಗುಂಡಿಗೆ ಮಾತ್ರ ತಾಗುವುದಿಲ್ಲ ಎಂದು ಅವರು ವಿವರಿಸಿದರು. ನಾನು ಅಷ್ಟು ದಿನಗಳ ಮೇಲೆ ಮೊದಲ ಸಲ ಸರಿಯಾಗಿ ಉಸಿರಾಡಿದೆ.

"ಬಂದೂಕಿನ ಕೆಲಸದವರು ಹಿಂಗ ಮಾಡಂಗಿಲ್ಲ. ಕೈಗೆ ಅಭ್ಯಾಸ ಇಲ್ಲದವರು ಯಾರೋ ಮನ್ಯಾಗ ಕುಂತು ತಿಕ್ಯಾರ. ಅಡ್ಡಾದಿಡ್ಡಿ ಗೆರಿ ನೋಡ್ರಿ. ಬೆಲಿನೂ ಅದರ ಕೂಡನೇ ಹೋತು. ಈಗ ಇದಕ್ಕ ಒಂದು ಛಲೋ ಸೀರಿ ಬಂದ್ರ ಹೆಚ್ಚು."

ಆಕೆ ಬೆಲೆಯ ಮಾತು ಬಿಟ್ಟು ಆ ಗೆರೆಗಳ ಮೇಲೆ ಬಾಗಿದಳು. "ಇದು ಯಾವಾಗ ತಿಕ್ಕಿದ್ದು ಅಂತ ಹೇಳಾಕ ಬರ್ತದೇನ್ರಿ?" ಎಂದು ಕೇಳಿದಳು.

"ದಿನ, ವಾರ ಹೇಳಾಕ ಬರಲ್ಲ ಬೇಟಿ. ಆದ್ರ ತಿಕ್ಕಿದ ಜಾಗಾ ಪೂರಾ ಕಪ್ಪಾಗ್ಯದ. ಹತ್ತು ಹದಿನೈದು ವರ್ಷ ಆಗಿರಬೇಕು."

ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಲೈಸೆನ್ಸಿಲ್ಲದ್ದನ್ನು ತಾನು ಕೊಳ್ಳಲು ಬರುವುದಿಲ್ಲ, ಜಮಾದಾರರ ಜೊತೆ ಹೋಗಿ ಠಾಣೆಗೆ ಒಪ್ಪಿಸಿಬಿಡಿ ಎಂದು ಹಿರಿಯರು ಬುದ್ಧಿ ಹೇಳಿದರು. ನೋಡಿಕೊಟ್ಟದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ.

ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ನಾನು ಎರಡು ಪ್ಲೇಟ್ ಮಂಡಾಳು ಒಗ್ಗರಣೆ, ಮಿರ್ಚಿ ಹೇಳಿದೆ. ಆಕೆ ಕೈ ಹಚ್ಚಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ತಾನಾಗೇ ಮಾತು ತೆಗೆದಳು.

ಆ ರಿವಾಲ್ವರನ್ನು ಆಕೆಯ ತಾಯಿಗೆ ಕೊಟ್ಟವರು ಮಾನ್ವಿ ಕಡೆಯ ಒಬ್ಬ ಜಮೀನುದಾರರು. "ನಮ್ಮಪ್ಪ ಅನ್ನಬೇಕೋ ಬ್ಯಾಡೋ, ಅವ್ವ ಎಂದೂ ಹೇಳಲಿಲ್ಲ," ಅಂದಳು. ನಿಜಾಮರ ಆಳ್ವಿಕೆ ಮುಗಿಯುವ ಗಲಾಟೆಯ ದಿನಗಳಲ್ಲಿ ಬಂದು, ಇದನ್ನು ಇಟ್ಟುಕೊಂಡಿರು, ತಿರುಗಿ ಬಂದು ತಗೊಳ್ಳುತ್ತೇನೆ, ಬರದಿದ್ದರೆ ಮಾರಿ ಮನೆ ಕಟ್ಟಿಸಿಕೋ ಎಂದು ಹೋದವರು ಬರಲೇ ಇಲ್ಲ.

"ನನಗ ಹದಿನೆಂಟು ಇದ್ದಾಗ ಕಂಪನ್ಯಾಗ ಒಬ್ಬಾವ ಇದ್ದ. ಮದುವಿ ಆಗ್ತೀನಿ ಅಂದಿದ್ದ. ಕಂಪನಿ ಬೇರೆ ಊರಿಗೆ ಎದ್ದು ಹೋತು, ಆವಾ ಹಿಂದ ಹೊಳ್ಳಿ ನೋಡ್ಲಿಲ್ರಿ. ಒಂದು ಬ್ಯಾಸಗಿ ಪೂರಾ ನಾ ಮಾತು ಬಿಟ್ಟು ಕುಂತಿದ್ದೆ. ಒಂದಿನ ಅವ್ವ ಸಂತಿಗೆ ಹೋಗಿದ್ಲು. ನಾ ಟ್ರಂಕು ತಗದೆ. ಗುಂಡು ಅದರಾಗೇ ಇದ್ವು, ಮಾಸ್ತರ."

ಕೈಯಲ್ಲಿದ್ದ ಮಿರ್ಚಿಯನ್ನು ನಾನು ತಟ್ಟೆಗೆ ಇಟ್ಟೆ.

"ಟಕ್ ಅಂತು. ಅಷ್ಟೇ. ಹಳೇದು, ಸತ್ತದ ಅಂತ ತಿಳಕೊಂಡೆ. ಅಲ್ಲಮಪ್ರಭು ಉಳಿಸಿದ ಅಂತ ಗೂಗಲ್ಲಿಗೆ ಹೋಗಿ ಕಾಯಿ ಒಡದು, ಗುಂಡು ಹೊಳ್ಯಾಗ ಒಗದು ಬಂದೆ. ಅವ್ವಗ ಹೇಳ್ಲಿಲ್ಲ. ಹೆಂಗ ಹೇಳ್ಲಿ?" ಆಕೆ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಅದೇ ಬ್ಯಾಸಗ್ಯಾಗ, ಅದಕ್ಕೂ ಮೊದಲ, ಬಾಜೂಮನಿ ಕಮ್ಮಾರನ ಕಡೆ ಅವ್ವ ಒಂದು ಅರ ಇಸಕೊಂಡು ಬಂದಿದ್ಲು. ಟ್ರಂಕಿನ ಚಿಲಕ ಹಿಡಿಯಾಕತ್ತದ ಅಂದ್ಲು. ನನಗ ಬೆನ್ನು ಮಾಡಿ ಕುಂತು ತಿಕ್ಕಿದ್ಲು. ಸೀರಿ ಮ್ಯಾಲ ಕಬ್ಬಿಣದ ಪುಡಿ ಬಿದ್ದಿತ್ತು. ಆ ಚಿಲಕ ಮೊದಲೂ ಹಿಡೀತಿರಲಿಲ್ಲ, ಆಮ್ಯಾಲೂ ಹಿಡೀಲಿಲ್ಲ."

ಮಗಳ ಮುಖ ನೋಡಿ ತಾಯಿಗೆ ಏನೋ ಹೊಳೆದಿತ್ತು. ಬಚ್ಚಿಟ್ಟರೆ ಮಗಳು ಹುಡುಕುತ್ತಾಳೆ, ಗುಂಡು ತೆಗೆದರೆ ಬೇರೆ ದಾರಿ ನೋಡುತ್ತಾಳೆ, ಕೇಳಿದರೆ ಇನ್ನಷ್ಟು ಒಳಗೆ ಹೋಗುತ್ತಾಳೆ ಎಂದು, ಕಷ್ಟಕ್ಕೆಂದು ಇಟ್ಟುಕೊಂಡಿದ್ದ ಒಂದೇ ಆಸ್ತಿಯನ್ನು ತಾನೇ ಕೈಯಾರೆ ಕೆಡಿಸಿ, ಇದ್ದಲ್ಲೇ ಇಟ್ಟುಬಿಟ್ಟಿದ್ದಳು. ಸಾಯುವಾಗಲೂ ಮನೆಯಾಗುತ್ತದೆ ಎಂದೇ ಹೇಳಿ ಹೋದಳು.

"ತಾ ತಿಕ್ಕಿದ್ದಕ್ಕ ನಾ ಉಳದೆ ಅಂತ ಅವ್ವಗ ಗೊತ್ತೇ ಆಗ್ಲಿಲ್ಲ ಮಾಸ್ತರ. ಒಂದ್ಸಲ, ಒಂದೇ ಒಂದ್ಸಲ ಬಂದ್ರ ಹೇಳ್ತಿದ್ದೆ."

ಆಕೆ ಅತ್ತಳು. ನಾಟಕದಲ್ಲಿ ಆಕೆ ಅಳುವುದನ್ನು ಎಷ್ಟೋ ಸಲ ನೋಡಿದ್ದೆ. ಇದು ಹಾಗಿರಲಿಲ್ಲ, ಮೂಗು ಸೋರುತ್ತ, ಮುಖ ಕೆಂಪಾಗಿ, ಮಕ್ಕಳ ಹಾಗೆ. ಹೋಟೆಲಿನವನು ನಮ್ಮತ್ತ ನೋಡಿ ಎರಡು ಗ್ಲಾಸು ನೀರು ತಂದಿಟ್ಟು ಹೋದ. ನಾನು ಆಕೆಯ ತಟ್ಟೆಯಿಂದ ನೊಣ ಓಡಿಸುತ್ತ ಕುಳಿತೆ.

ಹಿಂದಿರುಗುವ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಕಲಮಲಾ ದಾಟಿದ ಮೇಲೆ ನಾನು ಧೈರ್ಯ ಮಾಡಿದೆ.

"ನಿಮ್ಮನ್ನ ನಾ ಮದುವಿ ಆಗಬೇಕಂತ ಅದೀನ್ರಿ. ನಮ್ಮವ್ವಗ ನಾ ತಿಳಿಸಿ ಹೇಳ್ತೀನಿ."

ಆಕೆಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ನನ್ನ ಕಡೆ ತಿರುಗಿ, "ನಾ ನಾಟಕ ಮಾಡಿದ್ರ ನಡೀತದೇನ್ರಿ?" ಎಂದಳು.

"ಆ ಕಷ್ಟ ನಿಮಗ್ಯಾಕ ಬೇಕು? ನನ್ನ ಪಗಾರ ಬರ್ತದ. ಊರೂರು ತಿರಗೋದು ತಪ್ತದ," ಎಂದೆ. ಜಗತ್ತಿನ ಎಲ್ಲ ಸುಖವನ್ನೂ ಆಕೆಯ ಮುಂದಿಟ್ಟ ಹಾಗೆ ನನಗೆ ಅನ್ನಿಸಿತ್ತು.

ಆಕೆ ಮೆಲ್ಲಗೆ ನಕ್ಕಳು. "ನೀವು ಭಾಳ ಛಲೋ ಮನಶೇರು, ಮಾಸ್ತರ," ಅಂದಳು. ಆಮೇಲೆ ಹೊರಗೆ ನೋಡತೊಡಗಿದಳು. ಹತ್ತಿ ಬಿಡಿಸಿದ ಹೊಲಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನನಗೆ ಉತ್ತರ ಸಿಕ್ಕಿತ್ತು. ಆದರೆ ಅದು ಉತ್ತರವೇ ಎಂದು ಅರ್ಥವಾಗಲು ಎಷ್ಟೋ ದಿನ ಹಿಡಿಯಿತು.

ಮರುದಿನ ಜಮಾದಾರರು ನಮ್ಮನ್ನು ಠಾಣೆಗೆ ಕರೆದುಕೊಂಡು ಹೋದರು. ತೀರಿಹೋದ ತಾಯಿಯ ಟ್ರಂಕಿನಲ್ಲಿದ್ದದ್ದು, ನಡೆಯುವುದಿಲ್ಲ, ತಂದೊಪ್ಪಿಸುತ್ತಿದ್ದಾಳೆ ಎಂದು ಅವರೇ ಹೇಳಿದರು. ಸಬ್‌ಇನ್ಸ್‌ಪೆಕ್ಟರ್ ತಿರುಗಿಸಿ ಮುರುಗಿಸಿ ನೋಡಿ ಒಳಗಿಟ್ಟರು. ಕೊಡುವ ಮುಂಚೆ ಆಕೆ ಆ ಉಜ್ಜಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. ಮತ್ತೆ ಮತ್ತೆ ಸವರಿದಳು. ಜಮಾದಾರರು ಕೆಮ್ಮಿದ ಮೇಲೆ ಕೈ ಬಿಟ್ಟಳು.

ಆ ಸುಗ್ಗಿ ಮುಗಿಯುವವರೆಗೆ ಆಕೆ ನಮ್ಮ ಜೊತೆ ಇದ್ದಳು. ನನ್ನೊಡನೆ ಮೊದಲಿನಂತೆಯೇ ನಗುತ್ತಿದ್ದಳು, ಅದೇ ಕಷ್ಟವಾಗಿತ್ತು. ಮುಂದಿನ ವರ್ಷ ಕರೆಯಲು ಹೋದವರಿಗೆ, ಹುಬ್ಬಳ್ಳಿ ಕಡೆಯ ಒಂದು ಕಂಪನಿ ಸೇರಿದ್ದಾಳೆ ಎಂಬ ಸುದ್ದಿ ಸಿಕ್ಕಿತು. ನಾನು ಮಂಡಳಿ ಬಿಟ್ಟೆ. ನನಗೆ ಮಾನ್ವಿಗೆ ವರ್ಗವಾಯಿತು. ಅವ್ವ ನೋಡಿದ ಹುಡುಗಿಯೊಡನೆ ಮದುವೆಯೂ ಆಯಿತು. ನನ್ನ ಹೆಂಡತಿ ಒಳ್ಳೆಯವಳು. ಅವಳೊಡನೆ ನಾನು ಸುಖವಾಗಿಯೇ ಇದ್ದೇನೆ. ಆದರೂ ಸುಗ್ಗಿಯ ದಿನಗಳಲ್ಲಿ ದೂರದಲ್ಲೆಲ್ಲೋ ನಾಟಕದ ಹಾರ್ಮೋನಿಯಂ ಪೇಟಿಯ ದನಿ ಕೇಳಿದರೆ, ತುತ್ತು ಕೈಯಲ್ಲಿ ನಿಲ್ಲುತ್ತಿತ್ತು.

ಎಂಬತ್ತರ ದಶಕದ ನಡುವೆ ಒಂದು ದಿನ ಮಾನ್ವಿಯ ಸಂತೆಯಲ್ಲಿ ಆಕೆ ಸಿಕ್ಕಳು. ಹೆಂಡತಿ, ಮಗಳು ಜೊತೆಗಿದ್ದರು. ಆಕೆಯ ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. ದೊಡ್ಡವ್ವನ ಮಗನ ಮನೆ ಗಿಲ್ಲೆಸುಗೂರಿನಲ್ಲಿದೆ, ಅಲ್ಲೇ ಇದ್ದೇನೆ, ಇಲ್ಲಿ ನೆಂಟರಿಗೆ ಆರಾಮಿಲ್ಲವೆಂದು ಬಂದಿದ್ದೆ ಎಂದಳು. ನನ್ನ ಹೆಂಡತಿಗೆ ಆಕೆಯ ವಿಷಯ ಗೊತ್ತಿತ್ತು, ನಾನೇ ಹೇಳಿದ್ದೆ. ಅವಳೇ ಮುಂದೆ ಬಂದು ಮಾತಾಡಿಸಿದಳು.

"ಈಗೂ ನಾಟಕ ಮಾಡ್ತೀರೇನ್ರಿ ಅಕ್ಕಾರ?"

"ಮಾಡ್ತೀನವ್ವಾ. ಮನಿಮನ್ಯಾಗ ಟಿ.ವಿ. ಬಂದ್ವು, ಕರೆಯೋರು ಕಡಿಮಿ ಆಗ್ಯಾರ. ಕರದಲ್ಲಿ ಹೋಗ್ತೀನಿ. ಈಗ ತಾಯಿ ಪಾರ್ಟ್ ಮಾಡಾಕತ್ತೀನಿ."

"ಮನಿಗೆ ಬರ್ರಿ, ಊಟ ಮಾಡಿಕೊಂಡು ಹೋಗುವಂತ್ರಿ."

"ಬಸ್ಸಿನ ಹೊತ್ತಾತು ತಂಗಿ." ಆಕೆ ನನ್ನ ಮಗಳ ಗಲ್ಲ ಹಿಡಿದು ಅವಳ ಹೆಸರು ಕೇಳಿದಳು. ನನ್ನ ಕಡೆ ತಿರುಗಿ, "ಆರಾಮ ಅದೀರಲ್ಲ ಮಾಸ್ತರ?" ಅಂದಳು. ಹೌದು ಎಂದೆ. ಅಷ್ಟೇ ಮಾತು. ಆಕೆ ಹೋದ ಮೇಲೆ ಹೆಂಡತಿ ಮೆಣಸಿನಕಾಯಿ ಆರಿಸುತ್ತಲೇ, "ಅವರ ನಾಟಕ ಎಲ್ಲರೆ ಇದ್ರ ಒಮ್ಮೆ ನೋಡಿ ಬರ್ರಿ," ಎಂದಳು.

ಆ ಸುಗ್ಗಿಯಲ್ಲಿ ಗಿಲ್ಲೆಸುಗೂರಿನಲ್ಲೇ ನಾಟಕವಿದೆ ಎಂದು ತಿಳಿದು ಹೋದೆ. ಗಂಡಸರ ಕೊನೆಯ ಸಾಲಿನಲ್ಲಿ ಟವೆಲು ಹಾಸಿ ಕುಳಿತೆ. ಆಕೆ ಊರು ಬಿಟ್ಟು ಹೋದ ಮಗಳನ್ನು ಕಾಯುವ ತಾಯಿಯಾಗಿ ಬಂದಳು. ಎರಡನೆಯ ಅಂಕದಲ್ಲಿ, ಹೊಸ್ತಿಲ ಮೇಲೆ ಕುಳಿತು ಒಂದು ಹಾಡು. ದನಿ ಮೊದಲಿನಷ್ಟು ಮೇಲೇರಲಿಲ್ಲ, ಆದರೆ ಪೇಟಿ ನಿಂತ ಮೇಲೂ ಜನ ಉಸಿರು ಬಿಡಲಿಲ್ಲ. ಆಮೇಲೆ ಎಲ್ಲ ಕಡೆಯಿಂದ "ಒನ್ಸ್ ಮೋರ್" ಎಂದು ಕೂಗೆದ್ದಿತು. ನಾನೂ ಎದ್ದು ನಿಂತು ಕೂಗಿದೆ. ಆಕೆ ದೀಪಗಳ ಆಚೆಯ ಕತ್ತಲೆಯ ಕಡೆಗೊಮ್ಮೆ ಕಣ್ಣು ಕಿರಿದು ಮಾಡಿ ನೋಡಿ, ಪೇಟಿಯವನಿಗೆ ಸನ್ನೆ ಮಾಡಿ, ಮತ್ತೆ ಮೊದಲಿನಿಂದ ಹಾಡಿದಳು.